ಜೊತೆಗೆ ಬಂದವರ ದಿನಕ್ಕೆ ಲೆಕ್ಕ ಇಟ್ಟವರು ಯಾರು?

ಕರ್ನಾಟಕದಲ್ಲಿ ಆರೋಗ್ಯದ ಬಗ್ಗೆ ನಡೆಯುವ ರಾಜಕೀಯ ಚರ್ಚೆ ಎಲ್ಲಿಂದ ಶುರುವಾದರೂ ಬಂದು ನಿಲ್ಲೋದು ದುಡ್ಡಿನ ಹತ್ತಿರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಖರ್ಚಿನ ಒಂದು ಪಾಲು, ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, ಯಾವುದಿಲ್ಲ. ಇದೆಲ್ಲ ಬೇಕೇ ಬೇಕು. ಆದರೆ ಈ ಕಾರ್ಡುಗಳು ಬಹುಪಾಲು ಕೆಲಸಕ್ಕೆ ಬರೋದು ಆಸ್ಪತ್ರೆಗೆ ದಾಖಲಾದಾಗ. ದಾಖಲಾಗದೆಯೇ ವರ್ಷಗಟ್ಟಲೆ ಓಪಿಡಿ ಚೀಟಿ ಹಿಡಿದು ಓಡಾಡಿಸುವ ಕಾಯಿಲೆಗಳಿವೆ. ಅಲ್ಲಿ ದುಡ್ಡಿಗಿಂತ ಮೊದಲು ಖಾಲಿಯಾಗೋದು ದಿನಗಳು. ರೋಗಿಯದ್ದೊಂದು, ಜೊತೆಗೆ ಬಂದವರದ್ದೊಂದು.

ನನ್ನ ಹೆಂಡತಿಗೆ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದವರ ಮಂಡಿನೋವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ಅದು ಲಿವರ್‌ಗೆ, ರಕ್ತಕಣಗಳಿಗೆ ತೊಂದರೆ ಮಾಡ್ತಿದೆಯಾ ಅಂತ ನೋಡೋಕೆ ಆಗಾಗ ರಕ್ತಪರೀಕ್ಷೆ. ನಾವು ಹೋಗುವ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಕೊಡೋದು ಬೆಳಗ್ಗೆ, ರಿಪೋರ್ಟ್ ಸಿಗೋದು ಮಧ್ಯಾಹ್ನದ ಮೇಲೆ, ಡಾಕ್ಟರ್ ಸಿಗೋದು ಮತ್ತೆ ಬೆಳಗ್ಗೆ. ಹಾಗಾಗಿ ಒಂದು ಚೆಕಪ್ ಅಂದರೆ ಎರಡು ದಿನ. ಬರೆದುಕೊಟ್ಟ ಔಷಧ ಅಲ್ಲಿನ ಕಿಟಕಿಯಲ್ಲಿ ಇಲ್ಲದಿದ್ದರೆ ಎರಡೂವರೆ.

ಈ ಕಾಯಿಲೆಯಲ್ಲಿ ಬೆಳಗಿನ ಹೊತ್ತು ಬೆರಳುಗಳು ಬಿಗಿದುಕೊಂಡಿರುತ್ತವೆ. ಕುಕ್ಕರ್ ಮುಚ್ಚಳ ತೆಗೆಯೋಕಾಗಲ್ಲ, ಬಟ್ಟೆ ಹಿಂಡೋಕಾಗಲ್ಲ. ಆಸ್ಪತ್ರೆ ಕರೆಯೋದು ಸರಿಯಾಗಿ ಆ ಹೊತ್ತಿಗೇ. ಅಲ್ಲಿಗೆ ತಿಂಡಿ, ಪಾತ್ರೆ ನನ್ನ ಪಾಲು. ಜೊತೆಗೆ ರಾಗಿ ಮಿಲ್ಲಿಗೆ ಹಾಕಿಸೋದು, ತರಕಾರಿ, ಗ್ಯಾಸ್, ರೇಷನ್. ಮಿಲ್ಲಿನವರಿಗೆ ಕರೆಂಟ್ ಇರಬೇಕು, ರೇಷನ್ ಅಂಗಡಿಯಲ್ಲಿ ಸರ್ವರ್ ಇರಬೇಕು, ಗ್ಯಾಸ್ ಬಂದಾಗ ಮನೇಲಿ ಯಾರಾದ್ರೂ ಇರಬೇಕು. ಇದನ್ನೆಲ್ಲ ಆಸ್ಪತ್ರೆಯ ಸಾಲಿನ ಸುತ್ತ ಹೊಂದಿಸಬೇಕು. ಆ ಸಾಲು ಎಷ್ಟೊತ್ತಿಗೆ ಕರಗುತ್ತೆ ಅಂತ ಯಾರೂ ಹೇಳಲ್ಲ.

ಎಂಜಿನಿಯರಿಂಗ್‌ನಲ್ಲಿ ನಾನು ಕಲಿತು ನೆನಪಿಟ್ಟುಕೊಂಡ ಒಂದೆರಡು ವಿಷಯಗಳಲ್ಲಿ ಸಾಲಿನ ಗಣಿತವೂ ಒಂದು. ಎಲ್ಲರಿಗೂ ಒಂಬತ್ತಕ್ಕೇ ಬನ್ನಿ ಅಂದರೆ ಡಾಕ್ಟರ್ ಒಂದು ನಿಮಿಷವೂ ಖಾಲಿ ಕೂರಬೇಕಿಲ್ಲ. ಆ ಒಂದು ನಿಮಿಷ ಉಳಿಸೋಕೆ ಇನ್ನೂರು ಜನರ ಬೆಳಗು ಹೋಗುತ್ತೆ. ಡಾಕ್ಟರ್‌ಗಳು ಕಡಿಮೆ ಇದ್ದಾರೆ ಅನ್ನೋದು ನಿಜ, ಅದು ಅವರ ತಪ್ಪಲ್ಲ. ಆದರೆ ಡಾಕ್ಟರ್ ಸಮಯಕ್ಕೆ ಸಂಬಳದ ಲೆಕ್ಕ ಇದೆ, ಬೆಂಚಿನ ಮೇಲೆ ಕೂತವರ ಸಮಯಕ್ಕೆ ಯಾವ ಖಾತೆಯಲ್ಲೂ ಬೆಲೆ ಇಲ್ಲ. ಪುಕ್ಕಟೆ ಸಿಗೋದನ್ನ ಯಾವ ವ್ಯವಸ್ಥೆ ತಾನೇ ಉಳಿಸುತ್ತೆ?

ಆ ಬೆಂಚಿನ ಮೇಲೆ ಕೂತವರು ಯಾರು? ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಇನ್ನು 15ರಿಂದ 59ರ ವಯಸ್ಸಿನಲ್ಲಿ ಮನೆಯವರ ಆರೈಕೆಗೆ ಕೈಹಾಕುವ ಹೆಂಗಸರು ಸುಮಾರು ಶೇ. 41, ಗಂಡಸರು ಶೇ. 21. ಓಪಿಡಿಯಲ್ಲಿ ಈ ಅಂಕಿ ಕಣ್ಣಿಗೇ ಕಾಣುತ್ತೆ. ಒಂದು ಸಲ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೈಲಿದ್ದ ಫೈಲು, ಸೊಪ್ಪಿನ ಚೀಲ ಎರಡನ್ನೂ ನೋಡಿ, ‘ಯಾಕಪ್ಪಾ, ನಿಮ್ಮನೇಲಿ ಹೆಂಗಸ್ರು ಯಾರೂ ಇಲ್ವಾ?’ ಅಂದರು. ಆಕೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋರು, ಗಂಡನನ್ನ ಕರ್ಕೊಂಡು ಬಂದಿದ್ದರು. ಆ ದಿನದ ಸಂಬಳ ಹೋಯ್ತು, ಜೊತೆಗೆ ತಿಂಗಳ ಹಾಜರಾತಿ ಬೋನಸ್ಸೂ ಹೋಯ್ತು. ನನಗೆ ನೆಂಟರಿಷ್ಟರಿಂದ ‘ಎಷ್ಟು ಚೆನ್ನಾಗಿ ನೋಡ್ಕೋತಾನೆ’ ಅಂತ ಸರ್ಟಿಫಿಕೇಟು ಸಿಗುತ್ತೆ. ಆಕೆಗೆ ಯಾರೂ ಕೊಟ್ಟಂತಿರಲಿಲ್ಲ.

ಜೂನ್ 2023ರಲ್ಲಿ ‘ಶಕ್ತಿ’ ಬಂದಾಗ ಹೆಂಗಸರು ಸುಮ್ಮನೆ ಸುತ್ತೋಕೆ ಹೋಗ್ತಾರೆ ಅಂತ ಗೇಲಿ ಮಾಡಿದವರು ಈ ಓಡಾಟವನ್ನ ನೋಡಬೇಕಿತ್ತು. ಆಫೀಸಿಗೆ ಹೋಗಿ ಬರುವವರದ್ದು ಒಂದು ಗೆರೆ. ಆರೈಕೆ ಮಾಡುವವರದ್ದು ಸರಪಳಿ: ಮನೆ, ಆಸ್ಪತ್ರೆ, ಮೆಡಿಕಲ್ ಶಾಪ್, ಮಾರ್ಕೆಟ್, ಸ್ಕೂಲು, ಮನೆ. ದಿನದ ಪಾಸ್ ಇಲ್ಲದಿದ್ದರೆ ಬಸ್ ಬದಲಿಸಿದಾಗಲೆಲ್ಲ ಹೊಸ ಟಿಕೆಟ್, ಅದೂ ಜನವರಿ 2025ರಲ್ಲಿ ದರ ಶೇ. 15 ಏರಿದ ಮೇಲೆ. ಈ ಸರಪಳಿಯ ಖರ್ಚನ್ನ ಸೊನ್ನೆ ಮಾಡಿದ್ದು ‘ಶಕ್ತಿ’. ಆದರೆ ಅದು ನೋಡೋದು ಹೆಂಗಸಾ ಗಂಡಸಾ ಅಂತ, ಯಾಕೆ ಓಡಾಡ್ತಿದ್ದಾರೆ ಅಂತಲ್ಲ. ಆ ಗಾರ್ಮೆಂಟ್ಸ್ ಹೆಂಗಸಿಗೆ ಸೊನ್ನೆ ಟಿಕೆಟ್. ಕಾಯಿಲೆ ಬಿದ್ದ ಗಂಡನಿಗೆ ಪೂರ್ತಿ ಟಿಕೆಟ್.

ಕಾನೂನಿನಲ್ಲೂ ಇದೇ ಕುರುಡು. ಇಎಸ್‌ಐ ಕಾರ್ಮಿಕರ ಕುಟುಂಬಕ್ಕೂ ಚಿಕಿತ್ಸೆ ಕೊಡುತ್ತೆ, ಸರಿ. ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗೋದು ಮಾತ್ರ ಕಾರ್ಮಿಕರೇ ಕಾಯಿಲೆ ಬಿದ್ದಾಗ. ಗಂಡನನ್ನೋ ಹೆಂಡತಿಯನ್ನೋ ಆಸ್ಪತ್ರೆಗೆ ಕರ್ಕೊಂಡು ಹೋದ ದಿನಕ್ಕೆ ಏನೂ ಇಲ್ಲ. ನವೆಂಬರ್ 2025ರಲ್ಲಿ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಸಂಗಾತಿಯ ಆರೈಕೆಗೆಂದೇ ರಜೆ ಅನ್ನೋದಿಲ್ಲ. ಬ್ರಿಟನ್‌ನಲ್ಲಿ ಏಪ್ರಿಲ್ 2024ರಿಂದ ಆರೈಕೆ ಮಾಡುವವರಿಗೆ ವರ್ಷಕ್ಕೆ ಒಂದು ವಾರದ ರಜೆ ಹಕ್ಕಾಗಿದೆ. ಸಂಬಳ ಇಲ್ಲ, ಜುಜುಬಿ ಅನ್ನಬಹುದು. ಆದರೂ ಅದು ಮೇಲಿನವರ ಕೃಪೆಯಲ್ಲ.

ನಮ್ಮಂಥ ಮಧ್ಯಮ ವರ್ಗ ಈ ಗೋಜನ್ನ ಆಪ್‌ನಲ್ಲಿ ಬಗೆಹರಿಸಿಕೊಂಡಿದೆ. ಬೆಂಚಿನ ಮೇಲೆ ಕೂತೇ ಈರುಳ್ಳಿ ಆರ್ಡರ್ ಮಾಡ್ತೀನಿ, ನಾವು ಮನೆ ಸೇರೋ ಹೊತ್ತಿಗೆ ಬಂದಿರುತ್ತೆ. ತಂದುಕೊಡುವ ಹುಡುಗನಿಗೆ ಲಾಗಿನ್ ಆಗದ ದಿನ ಸಂಪಾದನೆ ಇಲ್ಲ. ಗಿಗ್ ಕಾರ್ಮಿಕರಿಗೆಂದು ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದ್ದು ದೊಡ್ಡ ಹೆಜ್ಜೆ. ಅವನ ಹೆಂಡತಿಯ ಚೆಕಪ್ ದಿನ ಅವನ ದುಡಿಮೆ ಏನಾಗಬೇಕು ಅನ್ನೋ ಪ್ರಶ್ನೆಯನ್ನ ಅದರ ಕಲ್ಯಾಣ ಮಂಡಳಿ ಎತ್ತಿಕೊಂಡರೆ ಒಳ್ಳೇದು.

ಎಲ್ಲದಕ್ಕೂ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ತಮಿಳುನಾಡು 2021ರಿಂದ ಬಿಪಿ, ಶುಗರ್ ಮಾತ್ರೆಗಳನ್ನ ಮನೆಬಾಗಿಲಿಗೇ ತಲುಪಿಸ್ತಿದೆ. ನಮ್ಮಲ್ಲೂ ‘ಗೃಹ ಆರೋಗ್ಯ’ ಶುರುವಾಗಿದೆ. ಅಂದರೆ ರೋಗಿಯೇ ಯಾವಾಗಲೂ ಓಡಾಡಬೇಕಿಲ್ಲ ಅನ್ನೋದನ್ನ ಸರ್ಕಾರ ಒಪ್ಪಿಕೊಂಡಿದೆ. ಹಾಗಾದರೆ ರಕ್ತವನ್ನ ಮನೆ ಹತ್ತಿರದ ‘ನಮ್ಮ ಕ್ಲಿನಿಕ್’ನಲ್ಲೇ ತೆಗೆದು, ರಿಪೋರ್ಟನ್ನ ದೊಡ್ಡಾಸ್ಪತ್ರೆಯ ಕಂಪ್ಯೂಟರಿಗೆ ಕಳಿಸಬಹುದಲ್ಲ? ಕಾಯಿಲೆ ಹಿಡಿತದಲ್ಲಿರುವವರಿಗೆ ಮೂರು ತಿಂಗಳ ಔಷಧ ಒಟ್ಟಿಗೆ ಕೊಡಬಹುದಲ್ಲ?

ಇವಕ್ಕೆಲ್ಲ ಬಜೆಟ್ ಬೇಕು ಅಂದರೆ, ಖರ್ಚಿಲ್ಲದ ಒಂದು ಕೆಲಸವಿದೆ. ನಾವು ಹೋಗುವ ಆಸ್ಪತ್ರೆಯ ಓಪಿಡಿ ಚೀಟಿಯ ಮೇಲೆ ನೋಂದಣಿಯ ದಿನಾಂಕ, ಗಂಟೆ, ನಿಮಿಷ ಎಲ್ಲ ಅಚ್ಚಾಗಿರುತ್ತೆ. ರೋಗಿ ಹೊರಬಿದ್ದ ಸಮಯ ಎಲ್ಲೂ ಇರಲ್ಲ. ಔಷಧ ಕೊಡುವ ಕಿಟಕಿಯಲ್ಲೂ ಆ ಚೀಟಿಯ ಮೇಲೆ ಸಮಯದ ಸೀಲು ಹೊಡೆಯಲಿ, ಎರಡರ ನಡುವಿನ ಅಂತರವನ್ನ ತಿಂಗಳಿಗೊಮ್ಮೆ ಆಸ್ಪತ್ರೆಯ ಗೋಡೆ ಮೇಲೆ ಹಾಕಲಿ.