ಸಂಘದ ಬೀರುವಿನಲ್ಲಿರುವ ಮುಂಬೈ

ವಿಕ್ರೋಲಿಯಲ್ಲಿ ಗೋದ್ರೆಜ್ ಕಂಪನಿ 2006ರಿಂದ ತನ್ನದೇ ದಾಖಲೆ ಸಂಗ್ರಹ ನಡೆಸುತ್ತಿದೆ. ಹಳೆಯ ಕಾಗದಪತ್ರ, ಫೋಟೊ ಮಾತ್ರವಲ್ಲ, ಅಲ್ಲಿ ದುಡಿದವರ ನೆನಪುಗಳ ಧ್ವನಿಮುದ್ರಣವೂ ಅಲ್ಲಿದೆ. ಈಗ ದಹಿಸರ್‌ನಲ್ಲಿರುವ ‘ಸ್ಪ್ಯಾರೋ’ 1988ರಿಂದ ಮಹಿಳೆಯರ ಬದುಕನ್ನು ಧ್ವನಿ, ಚಿತ್ರಗಳಲ್ಲಿ ಕೂಡಿಡುತ್ತಿದೆ; ಅದನ್ನು ಕಟ್ಟಿದವರಲ್ಲಿ ತಮಿಳು ಲೇಖಕಿ ಅಂಬೈ ಒಬ್ಬರು. ಗಿರಣಗಾಂವ್‌ನ ಕಾರ್ಮಿಕರ ಮಾತುಗಳನ್ನು ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್ 2004ರಲ್ಲಿ ಪುಸ್ತಕವಾಗಿಸಿದರು.

ಇದೇ ನಗರಕ್ಕೆ ಇಡ್ಲಿ-ದೋಸೆಯ ರುಚಿ ಹತ್ತಿಸಿದ ನಮ್ಮವರ ದಾಖಲೆ ಎಲ್ಲಿದೆ? ಬಹುಪಾಲು ಸಂಘಗಳ ಕಬ್ಬಿಣದ ಬೀರುಗಳಲ್ಲಿ. ಕೀಲಿ ಒಬ್ಬ ಹಿರಿಯರ ಜೇಬಿನಲ್ಲಿ.

ಚಿತ್ತಾಲರ ‘ಶಿಕಾರಿ’, ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಇವೆಯಲ್ಲ ಎನ್ನಬಹುದು. ಇವೆ, ದೊಡ್ಡ ಕೃತಿಗಳೇ. ಆದರೆ ಊರು ಬಿಟ್ಟು ಬಂದ ಹುಡುಗನೊಬ್ಬ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಯಾವ ತರಗತಿಗೆ ಸೇರಿದ, ಯಾವ ವರ್ಷ ಬಿಟ್ಟ ಎಂಬುದು ಕಾದಂಬರಿಯಲ್ಲಿ ಸಿಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಿಗುತ್ತದೆ.

ಸಂಘವೊಂದರ (ಹೆಸರು ಬೇಡ) ಹಳೆಯ ಸ್ಮರಣ ಸಂಚಿಕೆಗಳನ್ನು ತಿರುವಿ ಹಾಕಿದ್ದೇನೆ. ಅಧ್ಯಕ್ಷರ ಸಂದೇಶಗಳನ್ನು ದಾಟಿ ನೇರ ಜಾಹೀರಾತುಗಳಿಗೆ ಹೋಗಬೇಕು. ಆರಂಕಿಯ ಫೋನ್ ನಂಬರು, ಈಗಿಲ್ಲದ ಲಂಚ್ ಹೋಮ್, ಮುದ್ರಣಾಲಯ, ‘ಶುಭ ಕೋರುವವರು’ ಎಂಬ ಸಾಲಿನ ಕೆಳಗೆ ಒಂದೇ ಗಲ್ಲಿಯ ನಾಲ್ಕು ಅಂಗಡಿ. ಅಂಥ ಇಪ್ಪತ್ತು ಸಂಚಿಕೆ ಜೋಡಿಸಿದರೆ, ನಮ್ಮವರು ಫೋರ್ಟ್, ಮಾಟುಂಗಾ ಬಿಟ್ಟು ಮುಲುಂಡ್, ಡೊಂಬಿವಲಿಯ ಕಡೆ ಸರಿದದ್ದರ ನಕಾಶೆಯನ್ನೇ ಬರೆಯಬಹುದು. ಆ ಬೀರುವಿನ ಕೆಳಗಿನ ಅರೆಗೆ ಗೆದ್ದಲು ಹಿಡಿದಿತ್ತು.

ಗೆದ್ದಲಿಗಿಂತ ವೇಗವಾದದ್ದು ರೀಡೆವಲಪ್‌ಮೆಂಟ್. ಕಟ್ಟಡ ಖಾಲಿ ಮಾಡುವ ವಾರದಲ್ಲಿ ಕುರ್ಚಿ, ಫ್ಯಾನು, ಮೈಕ್ ಸೆಟ್ಟಿನ ಲೆಕ್ಕ ಆಗುತ್ತದೆ, ಕಾಗದ ರದ್ದಿಯವನಿಗೆ ಹೋಗುತ್ತದೆ.

‘ಸ್ಕ್ಯಾನ್ ಮಾಡಿ ಡ್ರೈವ್‌ಗೆ ಹಾಕಿದರಾಯಿತು’ ಎನ್ನುವುದು ನಮ್ಮ ಐಟಿ ಮಂದಿಯ ಸಿದ್ಧ ಉತ್ತರ. ನಾನು ಒಪ್ಪುವುದಿಲ್ಲ. ಸ್ಕ್ಯಾನ್ ಸುಲಭದ ಕೆಲಸ, ಫೋನೇ ಸಾಕು. ಮುದ್ರಿತ ಕನ್ನಡವನ್ನು ಓದುವ ಟೆಸರಾಕ್ಟ್‌ನಂಥ ತಂತ್ರಾಂಶ ಉಚಿತವಾಗಿಯೇ ಇದೆ, ಅಲ್ಪಸ್ವಲ್ಪ ತಪ್ಪು ಮಾಡುತ್ತದೆ ಅಷ್ಟೆ. ಕಷ್ಟವಿರುವುದು ಪಟ್ಟಿ ಮಾಡುವುದರಲ್ಲಿ. 1960ರ ನಾಟಕದ ಫೋಟೊದಲ್ಲಿ ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ. ಇನ್ನು ಯಾರದೋ ಸ್ವಂತ ಖಾತೆಯ ಡ್ರೈವ್, ಆ ಖಾತೆ ಇರುವಷ್ಟು ದಿನ ಮಾತ್ರ. ಶಾಲಾ ದಾಖಲೆಗಳಲ್ಲಿ ಜಾತಿ, ಜನ್ಮದಿನಾಂಕ ಇರುತ್ತವೆ. ಅವನ್ನು ಅಂತರ್ಜಾಲದಲ್ಲಿ ಬಯಲಿಗಿಡುವುದೂ ಸಲ್ಲದು.

ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಮಾಹಿಮ್‌ನಲ್ಲಿ ಕರ್ನಾಟಕ ಸಂಘವಿದೆ, ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಎಲ್ಲರ ಬಳಿ ಏನೇನಿದೆ ಎಂಬ ಒಂದೇ ಕೂಡುಪಟ್ಟಿ ಮೊದಲು ಆಗಲಿ. ಕಾಗದ ಅವರವರಲ್ಲೇ ಇರಲಿ, ಬೆಂಗಳೂರಿಗೆ ಸಾಗಿಸಬೇಕಾಗಿಲ್ಲ. ಈ ಗಲ್ಲಿಗಳನ್ನು ಬಲ್ಲವರು ಇಲ್ಲಿದ್ದಾರೆ. ಪುಣೆ, ದೆಹಲಿ, ಹೈದರಾಬಾದಿನಲ್ಲಿ ಸಂಘ ನಡೆಸುತ್ತಿರುವವರೂ ಮುಂದಿನ ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಹಾರ, ಒಂದು ಶಾಲು ಕಡಿಮೆ ಮಾಡಿ, ಇಬ್ಬರು ವಿದ್ಯಾರ್ಥಿಗಳಿಗೆ ತಿಂಗಳ ಸಂಬಳ ಕೊಟ್ಟು ಬೀರು ತೆರೆಸಬಹುದು. ಪಕ್ಕದಲ್ಲಿ ಆ ಎಂಬತ್ತು ದಾಟಿದ ಹಿರಿಯರಿಗೂ ಒಂದು ಕುರ್ಚಿ ಹಾಕಿರಲಿ.