ಬೆಳೆಯುವ ಮಗುವಿನ ಅಂಗಿ

ದೋಣಿಯನ್ನು ಕೊಳ್ಳುವುದು ಕನ್ನಡದ ಅಧ್ಯಾಪಕನಿಗೆ ಹೇಳಿಸಿದ ವ್ಯಸನವಲ್ಲ. ಆದರೂ ಕಳೆದ ದೀಪಾವಳಿಯ ರಜೆಯಲ್ಲಿ ನಾವು ನಾಲ್ವರು ಗೆಳೆಯರು, ಭೌತಶಾಸ್ತ್ರದ ಅಧ್ಯಾಪಕರೊಬ್ಬರು, ಬ್ಯಾಂಕಿನ ಗುಮಾಸ್ತರೊಬ್ಬರು, ದಿನಸಿ ಅಂಗಡಿಯ ಶೆಟ್ಟರು ಮತ್ತು ನಾನು, ಹಣ ಕೂಡಿಸಿ ಹುಟ್ಟು ಹಾಕುವ ಹಳೆಯ ದೋಣಿಯೊಂದನ್ನು ಕೊಂಡೆವು. ಶರಾವತಿಯ ಹಿನ್ನೀರು ನಮ್ಮೂರಿಗೆ ಅಷ್ಟು ಸಮೀಪದಲ್ಲಿರುವಾಗ ಭಾನುವಾರಗಳನ್ನು ಉತ್ತರ ಪತ್ರಿಕೆಗಳ ನಡುವೆ ಕಳೆಯುವುದು ಪ್ರಕೃತಿಗೆ ಮಾಡುವ ಅಪಚಾರವೆಂದು ನಮಗೆ ತೋರಿತು. ದೋಣಿಗೆ ಯಾವ ಹೆಸರಿಡಬೇಕೆಂಬ ವಿಷಯದಲ್ಲಿ ಮೂರು ವಾರ ಚರ್ಚೆ ನಡೆಯಿತು. ಯಾವ ಬಣ್ಣ ಬಳಿಯಬೇಕೆಂಬುದಕ್ಕೆ ಎರಡು ವಾರ ಹಿಡಿಯಿತು. ಲೈಫ್ ಜಾಕೆಟ್ಟುಗಳ ಮಾತು ಐದು ನಿಮಿಷದಲ್ಲಿ ಮುಗಿಯಿತು: ದೋಣಿಯ ಮೂತಿಯ ಪೆಟ್ಟಿಗೆಯಲ್ಲಿ ಹಳೆಯ ಯಜಮಾನರು ಬಿಟ್ಟುಹೋದ ಮೂರು ಇದ್ದವು, ನಮ್ಮ ಮಗಳಿಗೆ ಒಂದನ್ನು ಕೊಂಡರೆ ಸಾಕು, ದೊಡ್ಡವರಿಗೆ ಹೇಗೂ ಈಜು ಬರುತ್ತದೆ, ಎಂದು.

ಈ ವಸ್ತುವಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ವೃತ್ತಿಧರ್ಮಕ್ಕನುಸಾರವಾಗಿ ನಾನು ಯೋಚಿಸಿದೆನು. ‘ಜೀವರಕ್ಷಕ ಕವಚ’ ಎಂದರೆ ಕರ್ಣನ ನೆನಪು ಬಂದು, ಯಾರೋ ಕೇಳಿದೊಡನೆ ಬಿಚ್ಚಿ ಕೊಡಬೇಕಾದೀತೆಂಬ ಭಯ. ಕೊನೆಗೆ ‘ತೇಲಂಗಿ’ ಎಂದೆ. ಗೆಳೆಯರು ನಕ್ಕರು, ಆದರೆ ಮಗಳು ಆ ಹೆಸರನ್ನೇ ಹಿಡಿದುಕೊಂಡಳು. ನಮ್ಮ ಕಾವ್ಯಗಳಲ್ಲಿ ನೀರಿನೊಳಗೆ ಅಡಗುವ ಉಪಾಯವಿದೆ. ರನ್ನನ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತನಷ್ಟೆ. ಮೇಲೆ ತೇಲಿಸುವ ಮಂತ್ರವನ್ನು ಮಾತ್ರ ಯಾವ ಕವಿಯೂ ಹೇಳಿಲ್ಲ. ಅದನ್ನು ಅಂಗಡಿಯಿಂದಲೇ ತರಬೇಕು.

ಅಂತೆಯೇ ಕರಾವಳಿಯ ಊರೊಂದರ ಅಂಗಡಿಗೆ ಹೋದೆವು. ಮಗಳಿಗೆ ಎಂಟು ವರ್ಷ, ತೂಕ 22 ಕಿಲೋ. ಅಂಗಡಿಯವರು ತೋರಿಸಿದ ಅಂಗಿಯ ಒಳಚೀಟಿಯಲ್ಲಿ 30ರಿಂದ 40 ಕಿಲೋ ಎಂದು ಅಚ್ಚಾಗಿತ್ತು. “ಬೆಳೆಯುವ ಮಗು, ಇನ್ನೆರಡು ವರ್ಷಕ್ಕೆ ಸರಿಹೋಗುತ್ತದೆ” ಎಂದರು. ನನ್ನ ಹೆಂಡತಿ ತಲೆದೂಗಿದಳು, ನಾನೂ ತೂಗಿದೆ. ಶಾಲೆಯ ಸಮವಸ್ತ್ರವನ್ನು ನಾವು ಕೊಳ್ಳುವುದು ಹಾಗೆಯೇ ಅಲ್ಲವೆ? ನಾನು ಹೈಸ್ಕೂಲು ಮುಗಿಸುವವರೆಗೆ ನನ್ನ ಮೈಯಳತೆಯ ಅಂಗಿಯೊಂದನ್ನು ತೊಟ್ಟ ನೆನಪಿಲ್ಲ.

ಮರುದಿನ ಹಿನ್ನೀರಿನ ಅಂಚಿನಲ್ಲಿ, ಎದೆಮಟ್ಟದ ನೀರಿನಲ್ಲಿ ನಾನು ನಿಂತು, ಮಗಳನ್ನು ನೀರಿಗಿಳಿಸಿದೆ. ಸಂತೋಷದಿಂದ ಅವಳು ಎರಡೂ ಕೈಗಳನ್ನು ಮೇಲೆತ್ತಿದಳು. ಆ ಕ್ಷಣದಲ್ಲಿಯೇ ಅಂಗಿಯು ತಾನೊಂದು ದಾರಿ ಹಿಡಿದು ಮೇಲೆದ್ದಿತು; ಮಗಳು ತನ್ನ ದಾರಿ ಹಿಡಿದು ಕೆಳಗಿಳಿದಳು. ಕಿತ್ತಳೆ ಬಣ್ಣದ ಅಂಗಿ ನೀರಿನ ಮೇಲೆ ಗಟ್ಟಿಯಾಗಿ, ಸುಂದರವಾಗಿ ತೇಲುತ್ತಿತ್ತು. ಅದರ ಕತ್ತಿನ ತೂತಿನಲ್ಲಿ ಎರಡು ಪುಟ್ಟ ಕೈಗಳು ಮಾತ್ರ ಕಾಣುತ್ತಿದ್ದವು. ನಾನು ಒಂದು ಮೊಳದ ದೂರದಲ್ಲಿದ್ದುದರಿಂದ ಈ ಮಾತನ್ನು ಇಂದು ಲಘುವಾಗಿ ಬರೆಯಲು ಸಾಧ್ಯವಾಗಿದೆ. ಅವಳು ಕೆಮ್ಮಿ, ಅತ್ತು, ಹತ್ತು ನಿಮಿಷದಲ್ಲಿ ಮರೆತಳು. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಭೌತಶಾಸ್ತ್ರದ ಗೆಳೆಯರು ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಪಾಠ ಹೇಳಿದರು. ನಮ್ಮ ಮೈಯ ಸಾಂದ್ರತೆಯು ಹೆಚ್ಚುಕಡಿಮೆ ನೀರಿನದೇ. ಆದ್ದರಿಂದ ನೀರಿನಲ್ಲಿ ಮುಳುಗಿರುವವರೆಗೆ ನಮಗೆ ತೂಕವೇ ಇಲ್ಲವೆನ್ನಬಹುದು. ಭಾರವಾಗುವುದು ನೀರಿನಿಂದ ಹೊರಗಿರಬೇಕಾದ ತಲೆಯೊಂದೇ. ಅದು ನಾಲ್ಕೈದು ಕಿಲೋ. ಅಷ್ಟನ್ನು ಎತ್ತಿ ಹಿಡಿದರೆ ಮನುಷ್ಯ ಉಸಿರಾಡುತ್ತಾನೆ. ಅಂಗಿಗಳ ಮೇಲೆ 50, 100, 150, 275 ಎಂದು ಬರೆದಿರುವುದು ಈ ಎತ್ತುವ ಬಲವನ್ನು ನ್ಯೂಟನ್ನುಗಳಲ್ಲಿ; ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ತೂಕವೆಂದು ತಿಳಿಯಬಹುದು. 50ರದು ಈಜು ಬಲ್ಲವರಿಗೆ, ದಡವೋ ಸಹಾಯವೋ ಕೈಗೆಟುಕುವಲ್ಲಿದ್ದಾಗ ಮಾತ್ರ. ಕೆರೆ, ಹಿನ್ನೀರುಗಳಂಥ ಶಾಂತವಾದ ನೀರಿಗೆ 100. ಸಮುದ್ರಕ್ಕೆ 150, ದಪ್ಪ ಉಡುಪು ತೊಟ್ಟು ದೂರ ಹೋಗುವವರಿಗೆ 275. ಇವು ದೊಡ್ಡವರ ಲೆಕ್ಕ. ಮಕ್ಕಳ ಅಂಗಿಗೆ ಅವರ ತೂಕಕ್ಕೆ ತಕ್ಕಂತೆ ಅಂಕಿ ಕಡಿಮೆಯಿರುತ್ತದೆ. ಅಲ್ಲಿ ನೋಡಬೇಕಾದುದು ಮೊದಲು ಮಗುವಿನ ತೂಕ, ಆಮೇಲೆ ತೊಡೆಗಳ ನಡುವೆ ಬಿಗಿಯುವ ಪಟ್ಟಿ, ತಲೆಯ ಹಿಂದಿನ ಕಾಲರು, ಆ ಕಾಲರಿನ ಮೇಲೆ ಹಿಡಿದೆತ್ತಲು ಒಂದು ಹಿಡಿಕೆ. ನಮ್ಮ ಅಂಗಿಗೆ ತೊಡೆಪಟ್ಟಿಯಿತ್ತು. ಆದರೆ ಅದನ್ನು ಬಿಗಿದರೂ ಅಂಗಿ ಗಲ್ಲದವರೆಗೆ ಏರುತ್ತಿತ್ತು. ಪರೀಕ್ಷೆಗೆ ನೀರೂ ಬೇಕಾಗಿಲ್ಲ: ಎಲ್ಲ ಗುಂಡಿಗಳನ್ನೂ ಹಾಕಿ ಭುಜದ ಬಳಿ ಹಿಡಿದು ಮೇಲಕ್ಕೆಳೆಯಿರಿ, ಅಂಗಿ ಕಿವಿಯನ್ನು ಮುಟ್ಟಿದರೆ ಅದು ನಿಮ್ಮದಲ್ಲ. ಇದನ್ನು ಅಂಗಡಿಯಲ್ಲಿಯೇ ಮಾಡಬಹುದಾಗಿತ್ತು!

ಕಾಲರಿನ ವಿಷಯದಲ್ಲಿ ಒಂದು ಕಥೆಯನ್ನು ಹೇಳಲೇಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸಮುದ್ರಕ್ಕೆ ಬಿದ್ದ ವೈಮಾನಿಕರು ಅಂಗಿ ತೊಟ್ಟಿದ್ದರೂ ಪ್ರಜ್ಞೆ ತಪ್ಪಿ, ಮುಖ ನೀರಿನಲ್ಲಿ ಅದ್ದಿಹೋಗಿ ಸಾಯುತ್ತಿದ್ದರು. ಪ್ರಜ್ಞೆಯಿಲ್ಲದವನ ಮುಖವನ್ನು ಯಾವ ಅಂಗಿ ತಾನಾಗಿ ಮೇಲೆ ತಿರುಗಿಸುತ್ತದೆಂದು ತಿಳಿಯಬೇಕಾದರೆ ಪ್ರಜ್ಞೆಯಿಲ್ಲದವನೊಬ್ಬ ಬೇಕಲ್ಲ! ಬ್ರಿಟನ್ನಿನ ಎಡ್ಗರ್ ಪಾಸ್ಕ್ ಎಂಬ ತರುಣ ಅರಿವಳಿಕೆ ವೈದ್ಯರು ತಾವೇ ಮುಂದಾದರು. ಅವರಿಗೆ ಪೂರ್ತಿ ಮಂಪರು ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಸೇರಿಸಿ, ಒಂದೊಂದು ಬಗೆಯ ಅಂಗಿ ತೊಡಿಸಿ ಈಜುಕೊಳದಲ್ಲಿ ಬಿಟ್ಟು ನೋಡಿದರು. ಒಮ್ಮೆಯಲ್ಲ, ಮತ್ತೆ ಮತ್ತೆ. ಎದೆಯ ಕಡೆ ಹೆಚ್ಚು ತೇಲುಬಲವನ್ನೂ ಕತ್ತಿನ ಹಿಂದೆ ಆಸರೆಯನ್ನೂ ಇಟ್ಟ ಅಂಗಿ ಮನುಷ್ಯನನ್ನು ಅಂಗಾತ ತಿರುಗಿಸುವುದೆಂಬ ತಿಳಿವಳಿಕೆಯ ಹಿಂದೆ ಇಂಥ ಸಾಹಸವಿದೆ. ಪಾಸ್ಕ್ ಅವರು ನಿದ್ರಿಸುತ್ತಲೇ ಲೋಕೋಪಕಾರ ಮಾಡಿದರು. ನಮ್ಮ ತರಗತಿಗಳಲ್ಲಿ ನಿದ್ರಿಸುವವರಿಗೆ ಆ ಪುಣ್ಯವಿಲ್ಲ.

ಆಮೇಲೆ ಪೆಟ್ಟಿಗೆಯಲ್ಲಿದ್ದ ಮೂರು ಹಳೆಯ ಅಂಗಿಗಳ ಸರದಿ ಬಂದಿತು. ನೋಡಲು ಅವು ಚೆನ್ನಾಗಿಯೇ ಇದ್ದವು. ಚೀಟಿಯಲ್ಲಿ 100 ಎಂದಿತ್ತು. ಶೆಟ್ಟರು ಅಂಗಡಿಯಿಂದ ಐದು ಕಿಲೋದ ಕಬ್ಬಿಣದ ತೂಕದ ಬಟ್ಟುಗಳನ್ನು ತಂದರು. ಕಬ್ಬಿಣವು ನೀರಿನಲ್ಲಿ ತನ್ನ ತೂಕದ ಸುಮಾರು ಎಂಟನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ; ಎರಡು ಬಟ್ಟುಗಳನ್ನು ಕಟ್ಟಿದರೆ ಕೆಳಗೆಳೆಯುವುದು ಒಂಬತ್ತು ಕಿಲೋಗಿಂತ ಕಡಿಮೆ. ಹತ್ತು ಕಿಲೋ ಹೊರುವೆನೆಂದ ಅಂಗಿ ಅಷ್ಟನ್ನಾದರೂ ಹೊರಬೇಡವೆ? ತೋಟದ ತೊಟ್ಟಿಯಲ್ಲಿ ಬಿಟ್ಟೆವು. ಒಂದನೆಯದು ಬಿಟ್ಟೊಡನೆ ತಳ ಸೇರಿತು. ಎರಡನೆಯದು ಸಂಜೆಯ ಹೊತ್ತಿಗೆ ಮುಳುಗಿತ್ತು. ಮೂರನೆಯದು ಮರುದಿನ ಬೆಳಗ್ಗೆಯೂ ತೇಲುತ್ತಿತ್ತು. ಆದರೆ ಭುಜದ ಹೊಲಿಗೆಯನ್ನು ಜಗ್ಗಿದಾಗ ಹಳೆಯ ಕಾಗದದಂತೆ ಪರ್ರೆಂದಿತು.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ಒಳಗಿನ ನೊರೆಹಲಗೆ ನಡುಭಾಗದಲ್ಲಿ ಚಪಾತಿಯಂತೆ ತೆಳುವಾಗಿತ್ತು. ಹಳೆಯ ಯಜಮಾನರು ವರ್ಷಗಟ್ಟಲೆ ಅದನ್ನು ಮೆತ್ತೆ ಮಾಡಿಕೊಂಡು ಕುಳಿತಿರಬೇಕು. ಕುಳಿತಷ್ಟೂ ಅದರೊಳಗಿನ ಗಾಳಿ ಹೋಗುತ್ತದೆ. ತೇಲಿಸುವುದು ಆ ಗಾಳಿಯೇ. ಬಟ್ಟೆಯನ್ನು ಬಿಸಿಲು ತಿಂದಿತ್ತು. ನಮ್ಮ ಕಡೆ ಅಂಗಳದಲ್ಲಿ ಅಡಿಕೆ ಒಣಗುವಾಗ ಅದರ ಪಕ್ಕದಲ್ಲಿಯೇ ಎಲ್ಲವನ್ನೂ ಒಣಹಾಕುವ ರೂಢಿಯಿದೆ. ಮಳೆಗಾಲದಲ್ಲಾದರೋ ಒಲೆಯ ಮೇಲಿನ ಅಟ್ಟ. ತೇಲಂಗಿಗೆ ಎರಡೂ ಆಗದು. ಒದ್ದೆಯಾದಾಗಲೆಲ್ಲ ಸಿಹಿನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ, ಅಗಲವಾದ ಹ್ಯಾಂಗರಿನ ಮೇಲೆ ತೂಗುಹಾಕಬೇಕು. ಒತ್ತಿ ತುಂಬಬಾರದು, ಇಲಿ ತಲುಪಬಾರದು. ಗಾಳಿ ತುಂಬಿಕೊಳ್ಳುವ ಬಗೆಯ ಅಂಗಿಗಳೂ ಉಂಟು. ಹಗುರ, ನೋಡಲು ಅಂದ. ಅವುಗಳಲ್ಲಿ ಪುಟ್ಟ ಅನಿಲದ ಸಿಲಿಂಡರ್ ಇರುತ್ತದೆ. ಅದರ ಮೇಲೆ ಕೊರೆದಿರುವ ತೂಕಕ್ಕೂ ತಕ್ಕಡಿಯ ತೂಕಕ್ಕೂ ತಾಳೆ ನೋಡಬೇಕು, ಬಾಯಿಂದ ಊದಿ ಒಂದು ರಾತ್ರಿ ಬಿಟ್ಟು ಗಾಳಿ ಇಳಿಯುವುದೇ ಎಂದು ಪರೀಕ್ಷಿಸಬೇಕು. ನೀರು ತಗುಲಿದೊಡನೆ ಕರಗುವ ಗುಳಿಗೆಯಿಂದ ಉಬ್ಬುವಂಥದನ್ನು ಮಲೆನಾಡಿನ ಆಷಾಢದಲ್ಲಿ ಬೀರುವಿನಲ್ಲಿಟ್ಟರೆ ತೇವಕ್ಕೇ ಉಬ್ಬಿ ಕುಳಿತರೂ ಆಶ್ಚರ್ಯವಿಲ್ಲ. ನನಗೆ ಅದರಲ್ಲಿ ವಿಶ್ವಾಸ ಹುಟ್ಟಲಿಲ್ಲ.

1904ರ ಜೂನ್ 15ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ‘ಜನರಲ್ ಸ್ಲೋಕಮ್’ ಎಂಬ ವಿಹಾರದ ಹಡಗಿಗೆ ಬೆಂಕಿ ಬಿದ್ದಿತು. ಚರ್ಚೊಂದರ ವನಭೋಜನಕ್ಕೆ ಹೊರಟ ತಾಯಂದಿರು, ಮಕ್ಕಳು. ಹಡಗಿನಲ್ಲಿ ಬೆಂಡಿನ ತೇಲಂಗಿಗಳು ಬೇಕಾದಷ್ಟಿದ್ದವು. ಹದಿಮೂರು ವರ್ಷಗಳಿಂದ ತೂಗಾಡುತ್ತಿದ್ದವು. ಕೆಲವೇ ವಾರಗಳ ಹಿಂದೆ ತನಿಖೆಯೂ ಆಗಿತ್ತು. ಎಳೆದರೆ ಬಟ್ಟೆ ಹರಿದು, ಬೆಂಡು ಪುಡಿಪುಡಿಯಾಗಿ ಉದುರಿತು. ಅವನ್ನು ಮಕ್ಕಳಿಗೆ ತೊಡಿಸಿ ನೀರಿಗಿಳಿಸಿದ ತಾಯಂದಿರು, ಮಕ್ಕಳು ಕಲ್ಲಿನಂತೆ ಮುಳುಗುವುದನ್ನು ಕಂಡರು. ಸತ್ತವರು ಸಾವಿರಕ್ಕೂ ಹೆಚ್ಚು. ನಮ್ಮ ದೇಶದಲ್ಲಿಯೇ 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡರು. ಅಲ್ಲಿ ಅನೇಕ ಮಕ್ಕಳ ಮೈಮೇಲೆ ಅಂಗಿಯೇ ಇರಲಿಲ್ಲ. ಅಮೆರಿಕದ ಲೆಕ್ಕಗಳಲ್ಲಿಯೂ ವಿಹಾರದ ದೋಣಿಗಳಿಂದ ಬಿದ್ದು ಮುಳುಗಿದವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಅಂಗಿ ತೊಡದವರು. “ದೊಡ್ಡವರಿಗೆ ಈಜು ಬರುತ್ತದೆ” ಎಂಬ ನಮ್ಮ ಐದು ನಿಮಿಷದ ತೀರ್ಮಾನವನ್ನು ಗುಮಾಸ್ತರೇ ಹಿಂತೆಗೆದುಕೊಂಡರು. ದೋಣಿಯ ಬಣ್ಣಕ್ಕೆಂದಿಟ್ಟಿದ್ದ ಹಣದಲ್ಲಿ ದೊಡ್ಡವರಿಗೆ ನಾಲ್ಕು, ಮಗಳಿಗೆ 20ರಿಂದ 30 ಕಿಲೋದ ಅಳತೆಯದೊಂದು ಹೊಸದಾಗಿ ಬಂದವು. ನೀರಿನಲ್ಲಿ ದೂರದಿಂದ ಕಾಣುವ ಬಣ್ಣ, ಹೊಳೆಯುವ ಪಟ್ಟಿ, ಒಂದು ಸೀಟಿ. ಮಗಳು ಸೀಟಿಯನ್ನು ಅಂದೇ ಸಾಕೆನ್ನಿಸುವಷ್ಟು ಪರೀಕ್ಷಿಸಿದಳು.

ಹಳೆಯವುಗಳ ಗತಿ? ನಮ್ಮ ದೋಣಿಯನ್ನು ಕಾಯುವವನು ದಡದಲ್ಲಿಯೇ ಬಲೆ ಬೀಸಿ ಬದುಕುವ ಮನುಷ್ಯ. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆಯುವವರೆಗೂ ಲಾಂಚಿಗೆ ಬರುವ ಯಾತ್ರಿಕರಿಗೆ ಹುರಿಗಡಲೆ ಮಾರುತ್ತಿದ್ದನಂತೆ; ಈಗ ಮೀನೊಂದೇ. ಹನ್ನೆರಡು ವರ್ಷದ ಮಗನೂ ಅವನ ಜೊತೆ ತೆಪ್ಪದಲ್ಲಿ ಹೋಗುತ್ತಾನೆ. ಆ ನೀರಿನ ಅಡಿಯಲ್ಲಿ ಮುಳುಗಡೆಯಾದ ಕಾಡಿನ ಮೋಟುಗಳು ಇಂದಿಗೂ ನಿಂತಿವೆ. ತೆಪ್ಪ ತಾಗಿದರೆ ಹೇಳಿ ಕೇಳಿ ಮಗುಚುವುದಿಲ್ಲ. ಅವನು ಆ ಮೂರು ಅಂಗಿಗಳನ್ನು ಕೇಳಿದ.

“ಅವು ಹೊರುವುದಿಲ್ಲವಪ್ಪ” ಎಂದೆ.

“ಏನೂ ಇಲ್ಲದ್ದಕ್ಕಿಂತ ವಾಸಿಯಲ್ಲವೆ, ಸ್ವಾಮಿ?”

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಕೊಟ್ಟುಬಿಟ್ಟರೆ ದಾನವೂ ಆಗುತ್ತದೆ, ಕಸವೂ ಕಳೆಯುತ್ತದೆ ಎಂಬ ಯೋಚನೆ ಒಂದು ಗಳಿಗೆ ಬಂದುದನ್ನು ಮುಚ್ಚಿಡುವುದಿಲ್ಲ. ಶೆಟ್ಟರೇ ಉತ್ತರ ಹೇಳಿದರು: “ಏನೂ ಇಲ್ಲದವನು ನೀರಿಗೆ ಹೆದರಿ ದಡದ ಹತ್ತಿರ ಇರುತ್ತಾನೆ. ಇದನ್ನು ತೊಟ್ಟವನು ನಂಬಿ ನಡುನೀರಿಗೆ ಹೋಗುತ್ತಾನೆ.” ಹೀಗೆಂದು ಕತ್ತಿ ತಂದು ಮೂರನ್ನೂ ಅವನ ಕಣ್ಣೆದುರಿಗೇ ಕತ್ತರಿಸಿದರು. ಅವನು ಏನೂ ಆಡದೆ ನೋಡಿದ. ಬಡವನ ಕಣ್ಣಿಗೆ ಅದು ಹೇಗೆ ಕಂಡಿರಬಹುದೆಂದು ನನಗೆ ಈಗಲೂ ಮುಜುಗರವಾಗುತ್ತದೆ.

ಆಗ ನೆನಪಾಯಿತು, ಮಗಳಿಗೆ ದೊಡ್ಡದಾದ ಆ ಅಂಗಿ. ಹುಡುಗನನ್ನು ಅಡಿಕೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆವು: 34 ಕಿಲೋ. ತೊಡಿಸಿ, ಪಟ್ಟಿ ಬಿಗಿದು, ಭುಜ ಹಿಡಿದೆತ್ತಿದರೆ ಅಂಗಿಯ ಜೊತೆಗೆ ಹುಡುಗನೇ ಮೇಲೆ ಬಂದನು. ನೀರಿನಲ್ಲಿ ಕೈಯೆತ್ತಿಸಿಯೂ ನೋಡಿದೆವು. ಗಲ್ಲ ನೀರಿನಿಂದ ಹೊರಗೇ ನಿಂತಿತು. ತಂದೆಯ ಮುಖ ಅರಳಿತು. “ಇನ್ನೆರಡು ವರ್ಷ ಕಳೆದು ಬಾ, ಆಗ ಬೇರೆ ನೋಡೋಣ” ಎಂದು ಹೇಳಿ ಬಂದೆವು.

ಹೋದ ಭಾನುವಾರ ನಾವು ಹುಟ್ಟು ಹಾಕುತ್ತ ಹೋಗುತ್ತಿರಲು, ತಂದೆಮಕ್ಕಳಿಬ್ಬರೂ ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದರು. ಹುಡುಗನ ಮೈಮೇಲೆ ಹರಕು ಬನಿಯನ್ನು. ಅಂಗಿ ಎಲ್ಲಿ ಎಂದು ಕೂಗಿ ಕೇಳಿದೆ.

“ಮನೆಯಲ್ಲಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದೇವೆ, ಸ್ವಾಮಿ. ನೆರಳಿನಲ್ಲೇ ಇದೆ, ನೀವು ಹೇಳಿದ ಹಾಗೆ. ಇನ್ನೂ ಹೊಸದಲ್ಲವೆ? ನೀರಿಗೆ ತಂದರೆ ನೆನೆದು ಹಾಳಾಗುತ್ತದೆ.”

ಈ ಭಾನುವಾರ ಅವನ ಮನೆಗೆ ಹೋಗಬೇಕಾಗಿದೆ.