ಹಳತೆಂದು ತೀರ್ಪು ಕೊಟ್ಟವರು ಯಾರು?

ಪೇಟೆಯ ಅಂಗಡಿಯಾತ ನನ್ನ ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಬೆನ್ನಿಗೆ ಅಂಟಿಸಿದ್ದ ಚೀಟಿ ಓದಿ, "ಇದರ ಕತೆ ಮುಗೀತು ಅಕ್ಕ. ಗುಜರಿಗೆ ಹಾಕಿಬಿಡಿ. ನಲವತ್ತೈದು ಸಾವಿರದೊಳಗೆ ಒಳ್ಳೇದೊಂದು ಕೊಡ್ತೇನೆ" ಎಂದ. ಸ್ವಿಚ್ಚನ್ನು ಒತ್ತಿ ಕೂಡ ನೋಡಲಿಲ್ಲ. ರೋಗಿಯ ನಾಡಿ ಹಿಡಿಯದೆ, ಜಾತಕ ನೋಡಿ ಸಾವಿನ ದಿನ ಹೇಳಿದ ಹಾಗಾಯಿತು. ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಸಿಟ್ಟು ಮಾತ್ರ ದಾರಿಯುದ್ದಕ್ಕೂ ಇಳಿಯಲಿಲ್ಲ.

ಈ ಲ್ಯಾಪ್‌ಟಾಪ್ ನನಗೆ ಬಂದ ಬಗೆಯನ್ನು ಹೇಳಬೇಕು. 2014ರಲ್ಲಿ ಮಗ ಇಂಜಿನಿಯರಿಂಗ್ ಸೇರಿದಾಗ ಕೊಂಡದ್ದು. ಅವನಿಗೆ ನೌಕರಿಯಾಗಿ ಹೊಸದು ಬಂದಾಗ ಇದು ನನ್ನ ಪಾಲಿಗಾಯಿತು. ನಮ್ಮ ಮನೆಗಳಲ್ಲಿ ಹೊಸ ಯಂತ್ರ ಮೊದಲು ಯಾರ ಕೈಗೆ ಹೋಗುತ್ತದೆ, ಯಾರು ಬಿಟ್ಟದ್ದು ಯಾರಿಗೆ ಸಿಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಬಿಟ್ಟ ಯಂತ್ರದ ಮೇಲೇ ನಮ್ಮ ಸ್ವಸಹಾಯ ಸಂಘದ ಸಾಲದ ಲೆಕ್ಕ, ವರ್ಷದ ವರದಿ, ಗೆಳತಿಯರ ಕತೆ, ಬೀದಿಯವರ ಲಗ್ನಪತ್ರಿಕೆ ಎಲ್ಲವನ್ನೂ ಬೆರಳಚ್ಚು ಮಾಡಿದ್ದೇನೆ. ನಾಲ್ಕು ಕಾಸು ನನ್ನದೆಂದು ಸಿಕ್ಕಿದ್ದೂ ಅದರಿಂದಲೇ. ಅದು ಸತ್ತಿತೆಂದರೆ ಹೊಸದಕ್ಕೆ ನಾನು ಮನೆಯಲ್ಲಿ ಕೈಯೊಡ್ಡಬೇಕು. "ನಿನಗೇಕೆ ಈ ವಯಸ್ಸಿನಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕು.

ಹಾಗಾದರೆ ಅದಕ್ಕೆ ಬಂದ ರೋಗವಾದರೂ ಏನು? ಕೀಲಿಮಣೆ ಸರಿಯಿತ್ತು, ಪರದೆ ಸರಿಯಿತ್ತು. ಕುಳಿತದ್ದು ಅದರೊಳಗಿನ ವಿಂಡೋಸ್ 10ರ ಬೆಂಬಲ. 2025ರ ಅಕ್ಟೋಬರ್ 14ಕ್ಕೆ ಅದು ಮುಗಿಯಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷದ ಕೊಸರು ಪ್ರಕಟವಾದದ್ದು ನಿಜ, ಕೊಸರು ಎಂದರೆ ಕೊಸರೇ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಹತ್ತೋಣವೆಂದರೆ ಬಾಗಿಲಲ್ಲೇ ತಡೆ: ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಬೇಕು, ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದಾದರೂ ಇರಬೇಕು. ಆ ತಲೆಮಾರು ಬಂದದ್ದು 2017ರಲ್ಲಿ, ನನ್ನದು ನಾಲ್ಕನೆಯದು. ಭದ್ರತೆಗಾಗಿ ಹೀಗೆ ಮಾಡಿದ್ದೇವೆ ಎಂಬುದು ಕಂಪನಿಯ ವಾದ. ಇರಬಹುದು. ಬೀಗ ಹಳೆಯದಾಯಿತೆಂದು ಬೀಗ ಬದಲಿಸುವವರನ್ನು ಕಂಡಿದ್ದೇನೆ, ಮನೆಯನ್ನೇ ಕೆಡವಿ ಎನ್ನುವವರನ್ನು ಕಂಡದ್ದು ಇದೇ ಮೊದಲು.

ಬೆಂಬಲ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತ ಕೂಡ್ರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದು ಅಪಾಯವೇ. ನಾನು ಹೇಳುವುದು, ಅದಕ್ಕೆ ಬೇರೆ ಮದ್ದು ಇದೆ, ಅಂಗಡಿಯವರು ಅದರ ಹೆಸರೆತ್ತುವುದಿಲ್ಲ ಎಂದಷ್ಟೆ.

ಆ ಮದ್ದಿನ ಹೆಸರು ಲಿನಕ್ಸ್. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬಾತ, ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ ಕಟ್ಟುತ್ತೇನೆಂದು ಹೊರಟ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಿದ್ದ ತಿರುಳನ್ನು ಬರೆದ. ಆಮೇಲೆ ಕೈಜೋಡಿಸಿದವರಿಗೆ ಲೆಕ್ಕವಿಲ್ಲ. ಈ ವ್ಯವಸ್ಥೆ ನನಗೆ ಅರ್ಥವಾದದ್ದು ಅಡುಗೆಮನೆಯಲ್ಲೇ. ಪಕ್ಕದ ಮನೆಯಿಂದ ಹೆಪ್ಪು ತರುತ್ತೇವಲ್ಲ, ಕೊಟ್ಟವರ ಮೊಸರು ಅದರಿಂದ ಕಡಿಮೆಯಾಗುವುದಿಲ್ಲ. ನಾಳೆ ಅವರ ಮನೆಯಲ್ಲಿ ಹೆಪ್ಪು ಕೆಟ್ಟರೆ ನಾವು ಕೊಡುತ್ತೇವೆ. ಲಿನಕ್ಸಿನ ಪರವಾನಗಿಯೂ ಹೀಗೆಯೇ: ತೆಗೆದುಕೊಳ್ಳಿ, ಬೇಕಾದಂತೆ ತಿದ್ದಿ. ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವುದಾದರೆ ತಿದ್ದಿದ ಬಗೆಯನ್ನೂ ಮುಚ್ಚಿಡದೆ ಕೊಡಿ. ಹೆಪ್ಪಿಗೆ ವಾಯಿದೆ ಹಾಕಿ, ಹೊಸ ಪಾತ್ರೆ ಕೊಂಡರೆ ಮಾತ್ರ ಮೊಸರು ಎನ್ನುವ ನೆರೆಯವಳನ್ನು ನೀವು ಏನೆಂದು ಕರೆಯುತ್ತೀರಿ?

ನಾನು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಎರಡು ಜಿಬಿ ಸ್ಮರಣೆ ಇದ್ದರೂ ನಡೆದೀತು, ನಾಲ್ಕಿದ್ದರೆ ನೆಮ್ಮದಿ. ಅಂತರ್ಜಾಲದಿಂದ ಇಳಿಸಿ ಪೆನ್‌ಡ್ರೈವಿಗೆ ಹಾಕಿ, ಅಲ್ಲಿಂದಲೇ ಓಡಿಸಿ ನೋಡಿದೆ. ಒಳಗಿನ ಡಿಸ್ಕನ್ನು ಮುಟ್ಟದೆ, ಏನನ್ನೂ ಅಳಿಸದೆ, ಪರದೆ, ಧ್ವನಿ, ವೈಫೈ ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಬಹುದು. ಸೀರೆಯನ್ನು ಹೆಗಲಿಗೆ ಹಾಕಿ ನೋಡಿದ ಹಾಗೆ. ಒಪ್ಪಿಗೆಯಾದ ಮೇಲೆ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಂಡೆ. ಈ ಹೆಜ್ಜೆಯನ್ನು ಮಾತ್ರ ಯಾರೂ ತಪ್ಪಿಸಬಾರದು. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದಕ್ಕೆ ಎರಡು ಸಾವಿರದ ಚಿಲ್ಲರೆ ಖರ್ಚಾಯಿತು. ಅಷ್ಟೇ ಖರ್ಚು. ಮೊದಲು ಸ್ವಿಚ್ಚು ಒತ್ತಿ, ಚಹಾ ಕಾಸಿ ಕುಡಿದು ಬಂದರೂ ಎಚ್ಚರಾಗದಿದ್ದ ಯಂತ್ರ ಈಗ ಸೆರಗು ಸಿಕ್ಕಿಸುವುದರೊಳಗೆ ಸಿದ್ಧವಾಗಿರುತ್ತದೆ.

ಕನ್ನಡದ ಗತಿಯೇನು ಎಂದು ನೀವು ಕೇಳುವಿರಿ. ನನ್ನ ಭಯವೂ ಅದೇ ಆಗಿತ್ತು. ಆದರೆ ಕೀಲಿಮಣೆಗಳ ಪಟ್ಟಿ ತೆರೆದರೆ ಕಗಪ ವಿನ್ಯಾಸ ಅಲ್ಲೇ ಕುಳಿತಿದೆ, ನುಡಿಯಲ್ಲಿ ಒತ್ತಿ ಒತ್ತಿ ಬೆರಳಿಗೆ ರೂಢಿಯಾದದ್ದೇ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಗಳೂ ಪುಕ್ಕಟೆ ಸಿಗುತ್ತವೆ. ಲಿಬ್ರೆ ಆಫೀಸಿನಲ್ಲಿ ಪತ್ರವನ್ನೂ ಬರೆಯುತ್ತೇನೆ, ಸಂಘದ ಲೆಕ್ಕವನ್ನೂ ಕೂಡುತ್ತೇನೆ. ಮೆನುಗಳನ್ನು ಕನ್ನಡಕ್ಕೆ ತಂದವರಲ್ಲಿ ಬಹಳ ಮಂದಿ ಯಾರೋ ಪುಣ್ಯಾತ್ಮರು, ಸಂಜೆಯ ಬಿಡುವಿನಲ್ಲಿ ಸಂಬಳವಿಲ್ಲದೆ ದುಡಿದವರು. ಸಂಬಳವಿಲ್ಲದ ದುಡಿಮೆಯ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎಲ್ಲವೂ ಸಲೀಸು ಎಂದರೆ ಸುಳ್ಳಾಗುತ್ತದೆ. ಯೂನಿಕೋಡಿಗೆ ಮುಂಚಿನ ಹಳೆಯ ನುಡಿ ಕಡತಗಳನ್ನು ಪರಿವರ್ತಿಸುವಷ್ಟರಲ್ಲಿ ಸಾಕುಬೇಕಾಯಿತು. ಒತ್ತಕ್ಷರಗಳು ಅಲ್ಲಲ್ಲಿ ಚೆಲ್ಲಾಪಿಲ್ಲಿಯಾದವು, ಕೂತು ತಿದ್ದಿದೆ. ಪ್ರಿಂಟರು ಮೂರು ದಿನ ಮುನಿಸಿಕೊಂಡಿತ್ತು. ವಿಂಡೋಸಿಗೆಂದೇ ಮಾಡಿದ ಕೆಲವು ತಂತ್ರಾಂಶಗಳು ಇಲ್ಲಿ ಓಡುವುದಿಲ್ಲ. ನಿಮ್ಮ ಉದ್ಯೋಗ ಅಂಥದೊಂದರ ಮೇಲೆಯೇ ನಿಂತಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ಬ್ರೌಸರಿನಲ್ಲಿ ಒಟ್ಟಿಗೆ ಇಪ್ಪತ್ತು ಪುಟ ತೆರೆದರೆ ನಾಲ್ಕು ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ಬ್ಯಾಟರಿ ಉಬ್ಬಿದ, ಬೋರ್ಡು ಸುಟ್ಟ ಯಂತ್ರವನ್ನು ಯಾವ ಲಿನಕ್ಸೂ ಬದುಕಿಸಲಾರದು.

ಆದರೆ "ಪುಕ್ಕಟೆಯದು ಕಳಪೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಕೈಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ನೆರೆಯ ಕೇರಳದ ಸರಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಕಂಪ್ಯೂಟರು ಕಲಿಯುತ್ತಿರುವುದು ಸ್ವತಂತ್ರ ತಂತ್ರಾಂಶದಲ್ಲೇ. "ಇದು ಹೆಂಗಸರಿಗೆ ತಿಳಿಯುವುದಲ್ಲ" ಎಂಬುದಂತೂ ಇನ್ನೂ ಹಳೆಯ ಸುಳ್ಳು. ಹೊಲಿಗೆ ಯಂತ್ರದ ಬಾಬಿನ್ ಬಿಚ್ಚಿ ಜೋಡಿಸುವವರಿಗೆ, ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವವರಿಗೆ, ಒಂದು ಪೆನ್‌ಡ್ರೈವು ಹೆಚ್ಚೇ? ನಮಗೆ ಕೊರತೆಯಾಗಿರುವುದು ಬುದ್ಧಿಯಲ್ಲ, ಕೆಟ್ಟರೆ ಯಾರು ಬಯ್ಯುತ್ತಾರೋ ಎಂಬ ಅಂಜಿಕೆ ಬಿಡುವ ಧೈರ್ಯ. ಹೇಗೂ ಗುಜರಿಗೆ ಹೊರಟ ಯಂತ್ರ ತಾನೇ, ಇನ್ನೇನು ಕೆಟ್ಟೀತು?

ಗುಜರಿ ಎಂದು ಹಗುರವಾಗಿ ಅನ್ನುತ್ತೇವೆ. 2022ರ ಒಂದೇ ವರ್ಷದಲ್ಲಿ ಜಗತ್ತು ಬಿಸಾಡಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾದ ಕ್ರಮದಲ್ಲಿ ಮರುಬಳಕೆಗೆ ಹೋದದ್ದು ನೂರಕ್ಕೆ 22ರಷ್ಟು ಮಾತ್ರ. ಒಂದು ಮೇಜಿನ ಕಂಪ್ಯೂಟರನ್ನು ಅದರ ಪರದೆಯ ಸಮೇತ ತಯಾರಿಸಲು 1,500 ಕಿಲೋ ನೀರೂ 240 ಕಿಲೋ ಇಂಧನವೂ ಬೇಕೆಂದು 2004ರಲ್ಲೇ ವಿಶ್ವಸಂಸ್ಥೆ ವಿಶ್ವವಿದ್ಯಾಲಯದ ಅಧ್ಯಯನ ಲೆಕ್ಕ ಹಾಕಿತ್ತು. ಬೇಸಗೆಯಲ್ಲಿ ಕೊಡ ಹಿಡಿದು ನಿಲ್ಲುವವರು ನಾವು. ಆ ನೀರಿನ ಲೆಕ್ಕ ನಮಗೆ ನಾಟಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಹಿಳಾ ಸಮಾಜದ ಮೂಲೆಯಲ್ಲಿ, ಶಾಲೆಯ ಬೀಗ ಹಾಕಿದ ಕೋಣೆಯಲ್ಲಿ, ಬಟ್ಟೆ ಹೊದಿಸಿಟ್ಟ ಕಂಪ್ಯೂಟರುಗಳಿದ್ದರೆ, ಹೊಸದಕ್ಕೆ ಚಂದಾ ಎತ್ತುವ ಮೊದಲು ಒಂದು ಪೆನ್‌ಡ್ರೈವು ಸಿಕ್ಕಿಸಿ ನೋಡಿ. ಪಾಲಿಟೆಕ್ನಿಕ್ಕಿಗೆ ಹೋಗುವ ಹುಡುಗಿಯೊಬ್ಬಳು ಬೀದಿಗೊಬ್ಬಳಾದರೂ ಇದ್ದೇ ಇರುತ್ತಾಳೆ, ಕರೆಯಿರಿ. ಯಾರೂ ಸಿಗದಿದ್ದರೆ ನಾನಿದ್ದೇನೆ. ಹೋದ ತಿಂಗಳು ನಮ್ಮ ಸಂಘದ ಕೋಣೆಯ ಎರಡು ಯಂತ್ರಗಳಿಗೆ ಹೆಪ್ಪು ಹಾಕಿ ಬಂದೆ. ಒಂದು ಎದ್ದು ಕೂತಿದೆ. ಇನ್ನೊಂದು ನಿಜವಾಗಿಯೂ ಸತ್ತಿತ್ತು. ಆದರೆ ಆ ಮಾತನ್ನು ನಾಡಿ ಹಿಡಿದು ನೋಡಿದ ಮೇಲೆ ಹೇಳುತ್ತಿದ್ದೇನೆ.